ಕೆಂಪು ನೀರಿನ ಶನಿವಾರ

ಗೋವೆಗೆ ಬಂದಿಳಿದ ದಿನದಿಂದಲೇ ಶಫೀಸಾಬ ಹೊಳೆಗಳ ವಿಚಾರಣೆ ಶುರುಮಾಡಿದ್ದ. ಬಂದದ್ದು ಕಂಪನಿಯ ಕೆಲಸಕ್ಕೆ. ಹೊಸ ರೈಲು ದಾರಿಗೆಂದು ಕೊರೆಯುತ್ತಿದ್ದ ಸುರಂಗದಲ್ಲಿ ಎರಡು ಡ್ರಿಲ್ ಮಶೀನುಗಳು ಕೈಕೊಟ್ಟಿದ್ದವು. ಅವನ್ನು ನೆಟ್ಟಗೆ ಮಾಡಿ ವಾರದೊಳಗೆ ಹೊರಡಬೇಕು. ಅಲ್ಲಿಂದ ಮುಂದೆ ರಾಜಸ್ಥಾನದ ಮರಳುಗಾಡಿನ ಗಣಿಯೊಂದಕ್ಕೆ ಬದಲಿಯಾಗಿತ್ತು. ಅಲ್ಲಿ ಕುಡಿಯುವ ನೀರೇ ಟ್ಯಾಂಕರಿನಲ್ಲಿ ಬರುತ್ತದೆಂದು ಹೋಗಿಬಂದವರು ಹೇಳಿದ್ದರು. ಈ ವಾರ ತಪ್ಪಿದರೆ ಮತ್ತೆ ಹೊಳೆಯಲ್ಲಿ ಗಾಳ ಹಾಕುವುದು ಎಂದೋ ಏನೋ.

ಗಾಳವೆಂದರೆ ಎರೆಹುಳ ಚುಚ್ಚಿ ಕಾಯುತ್ತ ಕೂರುವ ಗಾಳವಲ್ಲ. ತಾಳಿಕೋಟಿ ಕಡೆಯ ಶಫೀಸಾಬ ಹರೆಯವನ್ನೆಲ್ಲ ಕುಲು ಕಣಿವೆಯ ಸುರಂಗಗಳಲ್ಲಿ ಕಳೆದವನು. ಅಲ್ಲಿನ ಹಿಮದ ನೀರಿನಲ್ಲಿ ಟ್ರೌಟ್ ಎಂಬ ಚುಕ್ಕೆ ಮೈಯ ಮೀನಿದೆ. ನೀರಿನ ಮೇಲೆ ಬಂದು ಕೂರುವ ನೊಣಕ್ಕೆ ಅದು ಮೇಲೆದ್ದು ಬಾಯಿ ಹಾಕುತ್ತದೆ. ಹಿಡಿಯುವವನು ಹುಂಜದ ಕುತ್ತಿಗೆಯ ಗರಿಯನ್ನು ಸಣ್ಣ ಕೊಕ್ಕೆಗೆ ರೇಷ್ಮೆ ಎಳೆಯಿಂದ ಸುತ್ತಿ ಸುಳ್ಳು ನೊಣ ಮಾಡಬೇಕು. ಬಿದಿರು ಸೀಳಿ ಮಾಡಿದ ಬಳುಕುವ ಕೋಲಿನಿಂದ ದಾರವನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಬೀಸಿ, ಆ ನೊಣವನ್ನು ನೀರಿಗೆ ಗೊತ್ತಾಗದ ಹಾಗೆ ಇಳಿಸಬೇಕು. ಮೀನು ಇಲಾಖೆಯ ಕಾವಲುಗಾರನೊಬ್ಬ ಅವನಿಗೆ ಇದನ್ನು ಕಲಿಸಿದ್ದ. ಕಲಿತ ಮೇಲೆ ಶಫೀಸಾಬ ಬೀಡಿ ಬಿಟ್ಟ, ಇಸ್ಪೀಟು ಬಿಟ್ಟ, ಇದೊಂದನ್ನು ಬಿಡಲಿಲ್ಲ. ದಿನವಿಡೀ ಡ್ರಿಲ್ಲಿನ ಸದ್ದನ್ನು ಕಿವಿಯಲ್ಲಿ ತುಂಬಿಕೊಂಡವನಿಗೆ, ದಾರ ಗಾಳಿಯಲ್ಲಿ ಹೋಗುವಾಗಿನ ಆ ಸಣ್ಣ ಸುಯ್ಲು ಔಷಧಿಯಿದ್ದ ಹಾಗೆ.

ಗೋವೆಯಲ್ಲಿ ಟ್ರೌಟ್ ಇಲ್ಲವೆಂಬುದು ಅವನಿಗೆ ಗೊತ್ತಿತ್ತು. ಇಲ್ಲದಿದ್ದರೆ ಬೇಡ, ಟ್ರೌಟ್ ಇರಬಹುದಿತ್ತು ಅನ್ನಿಸುವಂಥ ಹೊಳೆಯೊಂದು ಸಿಕ್ಕರೆ ಸಾಕು. ಕಲ್ಲುಗಳ ಮೇಲೆ ಓಡುವ ತಿಳಿನೀರು ಇರಬೇಕು, ದಂಡೆಯಲ್ಲಿ ನೆರಳಿರಬೇಕು, ಗರಿಗೆ ಮೇಲೇಳುವ ಎಂಥದೋ ಒಂದು ಮೀನಿರಬೇಕು. ಇಷ್ಟಿದ್ದರೆ ಆಯಿತು.

ಇಷ್ಟೂ ಸಿಗಲಿಲ್ಲ. ಝುವಾರಿಯನ್ನೂ ಮಾಂಡವಿಯನ್ನೂ ಬಸ್ಸಿನ ಕಿಟಕಿಯಲ್ಲೇ ಕೈಬಿಟ್ಟ. ಸಮುದ್ರವೇ ಒಳಗೆ ಬಂದು ಮಲಗಿದಂತಿದ್ದ ಉಪ್ಪುನೀರಿನ ಮೇಲೆ ಅದಿರು ತುಂಬಿದ ಬಾರ್ಜುಗಳು ಎಮ್ಮೆಗಳ ಹಾಗೆ ಸಾಲುಗಟ್ಟಿ ಹೋಗುತ್ತಿದ್ದವು. ಸುರಂಗದ ಬಾಯಿಗೆ ಹತ್ತಿರವೇ ಒಂದು ಚೆಂದದ ಹಳ್ಳವಿತ್ತು. ಆದರೆ ಸುರಂಗದಿಂದ ಹೊರಬಿದ್ದ ಕಲ್ಲಿನ ಪುಡಿ ಸೇರಿ ಅದು ಹಾಲಿಗೆ ಬೂದಿ ಕದಡಿದಂತಾಗಿತ್ತು. ಮಶೀನು ತಾನು ರಿಪೇರಿ ಮಾಡಿದಷ್ಟೂ ಅದರ ಬಣ್ಣ ಕೆಡುತ್ತದೆಂಬುದು ಹೊಳೆದಾಗ ಶಫೀಸಾಬ ಆ ಕಡೆ ನೋಡುವುದನ್ನೇ ಬಿಟ್ಟ. ದೂಧಸಾಗರದ ಕೆಳಗಿನ ಹೊಳೆಯನ್ನು ಸರ್ವೇಯರ್ ಒಬ್ಬ ಬಾಯ್ತುಂಬ ಹೊಗಳಿದ. ಕೊನೆಗೆ ಹೇಳಿದ್ದೇನೆಂದರೆ, ಅರಣ್ಯ ಇಲಾಖೆಯವರ ಪರವಾನಗಿಗೆ ಒಂದು ದಿನ ಹೋಗುತ್ತದೆ, ಹೊಳೆಗೆ ಇನ್ನೊಂದು ದಿನ. ಅವನಿಗೆ ಸಿಗುವುದೇ ಒಂದು ದಿನ.

ಶಫೀಸಾಬ ಉಳಿದುಕೊಂಡದ್ದು ವಾಸ್ಕೋದ ಮಂಗೋರ್ ಹಿಲ್‌ನಲ್ಲಿ, ಅಕ್ಕ ಮಕ್ತುಮಬಿಯ ಮನೆಯಲ್ಲಿ. ಭಾವ ಬಾಬುಸಾಬ ಗಣಿಯ ಟಿಪ್ಪರ್ ಓಡಿಸುತ್ತಿದ್ದ. ಗಣಿಯ ಹತ್ತಿರ ಡ್ರೈವರುಗಳ ಚಾಳಿನಲ್ಲಿದ್ದು ಆಗಾಗ ಮನೆಗೆ ಬರುವವನು, ಈ ವಾರ ಹೆಂಡತಿಯ ತಮ್ಮ ಬಂದಿದ್ದಾನೆಂದು ದಿನವೂ ಸಂಜೆ ಯಾವುದೋ ಗಾಡಿ ಹಿಡಿದು ಬಂದುಬಿಡುತ್ತಿದ್ದ. ಊಟಕ್ಕೆ ಕೂತಾಗ ಹೊಳೆಯ ಮಾತು ಬಂತು.

"ಮೀನ ಬೇಕಂದ್ರ ವಾಸ್ಕೋ ಬಾಜಾರದಾಗ ಸಿಗ್ತಾವಲ್ಲೋ ತಮ್ಮಾ. ಬಂಗಡಿ ಅದಾವ, ತಾರ್ಲಿ ಅದಾವ. ನೊಣಾ ತೋರ್ಸಿ ಹಿಡ್ಯಾಕ ಅವೇನ ಹಲ್ಲಿ ಅದಾವೇನು?" ಅಂದ ಬಾಬುಸಾಬ.

"ಹಿಡದ ಮ್ಯಾಲ ತಿರಗಿ ನೀರಾಗ ಬಿಡ್ತಾನಂತ್ರಿ ಇಂವಾ" ಎಂದಳು ಮಕ್ತುಮಬಿ, ರೊಟ್ಟಿ ಬಡಿಯುತ್ತ.

ಬಾಬುಸಾಬನ ತುತ್ತು ಕೈಯಲ್ಲೇ ಉಳಿಯಿತು. "ಬಿಡ್ತೀ? ಬಿಡೂದಿದ್ರ ಹಿಡಿಯೂದ್ಯಾಕ?"

"ಹಿಡಿಯೂದ ಮುಖ್ಯ ಅಲ್ರಿ ಭಾವಾ. ಅದು ತಾನಾಗಿ ಮ್ಯಾಲ ಬರಬೇಕು, ಗರೀನ ನೊಣಾ ಅಂತ ನಂಬಬೇಕು. ಅಷ್ಟ."

"ಮೀನಿಗೆ ಮೋಸಾ ಮಾಡಾಕ ಇಷ್ಟ ದೂರ ಬಂದಿ ಅನ್ನು" ಎಂದು ಬಾಬುಸಾಬ ನಕ್ಕ. ಆದರೆ ನಕ್ಕು ಬಿಡುವವನಲ್ಲ ಅವನು. ಹೆಂಡತಿಯ ತಮ್ಮ ಮನೆಗೆ ಬಂದು ಬಾಯಿಬಿಟ್ಟು ಒಂದನ್ನು ಕೇಳಿದ್ದಾನೆ. ಅದು ಹುಚ್ಚೋ ಬೆಪ್ಪೋ, ನಡೆಸಿಕೊಡುವುದು ತನ್ನ ಪಾಲಿನ ಕೆಲಸ. ಕೈ ತೊಳೆದು ಬಂದವನು ಹೇಳಿದ: "ನಮ್ಮ ಗಣಿ ಕೆಳಗ ಒಂದ ಹೊಳಿ ಐತಿ. ನೀ ಹೇಳಿದಂಗ ಕಲ್ಲ ಅದಾವ, ಗಿಡ ಅದಾವ. ಖರೇ, ನೀರ ಕೆಂಪ. ಮಾಲ ತೊಳದದ್ದೆಲ್ಲಾ ಅಲ್ಲೇ ಬರ್ತೈತಿ. ಆದ್ರ ಶುಕ್ರವಾರ ಮಧ್ಯಾಹ್ನ ಆತಂದ್ರ ತಳದಾಗಿನ ಹರಳ ಎಣಸಬೌದು, ಅಷ್ಟ ತಿಳಿ."

ಅದು ಯಾಕೆಂದು ಶಫೀಸಾಬ ಕೆದಕಿ ಕೇಳಿದ. ಆ ಗಣಿಯ ಡ್ರೈವರುಗಳಲ್ಲಿ ಹೆಚ್ಚಿನವರು ವಿಜಾಪುರ ಕಡೆಯ ಮುಸಲ್ಮಾನರು. ಜುಮ್ಮಾ ನಮಾಜಿಗೆ ಅನುಕೂಲವಾಗಲೆಂದು ಗುತ್ತಿಗೆದಾರ ಅವರಿಗೆ ಶುಕ್ರವಾರ ರಜೆ ಇಟ್ಟಿದ್ದ. ಟಿಪ್ಪರುಗಳು ನಿಂತರೆ ಅದಿರು ತೊಳೆಯುವ ಪ್ಲಾಂಟೂ ನಿಲ್ಲಬೇಕು. ಪ್ಲಾಂಟು ನಿಂತ ಅರ್ಧ ದಿನದಲ್ಲಿ ಹಿಂದಿನ ದಿನದ ಕೆಸರೆಲ್ಲ ಹರಿದುಹೋಗಿ ಹೊಳೆ ತನ್ನ ಬಣ್ಣಕ್ಕೆ ಬರುತ್ತದೆ. ಪ್ಲಾಂಟಿನ ಮೇಲ್ಗಡೆ ನೀರು ಯಾವಾಗಲೂ ತಿಳಿಯೇ, ಆದರೆ ಅಲ್ಲಿ ಗಣಿಯ ಬೇಲಿ, ಮದ್ದಿಟ್ಟು ಬಂಡೆ ಸಿಡಿಸುವ ಜಾಗ. ಹೊರಗಿನವರನ್ನು ಬಿಡುವುದಿಲ್ಲ.

ಶಫೀಸಾಬ ಅವತ್ತೇ ಮನಸ್ಸಿನಲ್ಲಿ ಹೊಳೆ ಆರಿಸಿಬಿಟ್ಟ. ಶುಕ್ರವಾರ ಜುಮ್ಮಾ ಮುಗಿಸಿ ಬಸ್ಸು ಹತ್ತಿದರೆ ಇಳಿಹೊತ್ತಿಗೆ ಹೊಳೆಯಲ್ಲಿ. ಮೀನು ಮೇಲೇಳುವ ಹೊತ್ತೂ ಅದೇ. ಒಬ್ಬನೇ ಹೋಗಿ ಕತ್ತಲಾಗುವ ತನಕ ಗಾಳ ಹಾಕಿ ವಾಪಸು. ಇಂಜಿನಿಯರ್ ಸಾಹೇಬರ ಹತ್ತಿರ ಶುಕ್ರವಾರ ಅರ್ಧ ದಿನದ ರಜೆ ಕೇಳಿದ, ಕೊಟ್ಟರು. ಕೋಳಿ ಅಂಗಡಿಗೆ ಹೋಗಿ ಕೆಂಚು ಹುಂಜದ ಕುತ್ತಿಗೆಯ ಗರಿಗಳನ್ನು ಆರಿಸಿ ತಂದ. ಅಂಗಡಿಯವನು ಮಾಂಸ ಬೇಡವೇ ಎಂದು ಮತ್ತೆ ಮತ್ತೆ ಕೇಳಿದ. ಬುಧವಾರ ಸಂಜೆ ಬಾಗಿಲಲ್ಲಿ ಬೆಳಕಿಗೆ ಕೂತು ಆರು ನೊಣ ಕಟ್ಟಿದ. ಐದು ಕೆಟ್ಟವು, ಒಂದು ಮಾತ್ರ ಅವನಿಗೇ ಮೆಚ್ಚಿಗೆಯಾಯಿತು.

ಗುರುವಾರ ಸಂಜೆ ಬಂದ ಬಾಬುಸಾಬನ ಮುಖ ಅರಳಿತ್ತು.

"ತಮ್ಮಾ, ಎಲ್ಲಾ ಬರೋಬ್ಬರಿ ಮಾಡೀನಿ. ರಜಾ ಶನಿವಾರಕ್ಕ ಮಾಡಿಸೀನಿ."

"ಯಾರ ರಜಾ?"

"ನಮ್ದು. ಎಲ್ಲಾರ್ದೂ. ಶುಕ್ರವಾರ ನಮಾಜಿಗೇ ಅರ್ಧಾ ದಿನಾ ಹೋಗ್ತೈತಿ. ಆರ ವರ್ಸದ ಮ್ಯಾಲ ಬಂದಾಂವಗ ಅರ್ಧಾ ದಿನಾ ಕೊಡೂದು ಚಂದೇನು? ಗುತ್ತಿಗೆದಾರನ ಮುಕಾದಮಗ ಹೇಳಿದೆ, ನಮ್ಮ ಮನಿಗೆ ಬೀಗರು ಬಂದಾರ, ಈ ವಾರ ಒಂದು ಶನಿವಾರ ಸೂಟಿ ಕೊಡ್ರಿ ಅಂತ. ಹುಡುಗೂರೂ ಕೂಡೇ ಹೂಂ ಅಂದ್ರು. ನಮಾಜಿಗೆ ಒಂದ ತಾಸ ಬಿಡ್ತಾರ, ಅಷ್ಟ ಸಾಕು. ಶನಿವಾರ ಬೆಳಗಾಗಿಂದ ಹೊಳೀ ದಂಡ್ಯಾಗ ಬಿಡಾರ. ಟೆಂಪೋ ಹೇಳೀನಿ."

"ಶನಿವಾರ ಸಂಜಿಕ ಪಣಜಿಯಿಂದ ನನ್ನ ಬಸ್ ಐತಲ್ರಿ ಭಾವಾ."

"ಸಂಜಿಕ ಅಲ್ಲೇನು? ಮುಂಜಾನಿಂದ ಮಧ್ಯಾಹ್ನದ ತನಕಾ ಏನ್ ಮಾಡ್ತಿ? ಟೆಂಪೋದಾಗ ಪಣಜಿಗೇ ಇಳಿಸಿ ಬರ್ತೀವಿ."

ಶುಕ್ರವಾರವೇ ಇರಲಿ ಎನ್ನಲು ಶಫೀಸಾಬ ಬಾಯಿ ತೆರೆದ. ಅಷ್ಟರಲ್ಲಿ ಮಕ್ತುಮಬಿ ಒಳಗಿನಿಂದ, "ನಿಮ್ಮ ಭಾವಾ ನಾಲ್ಕ ದಿನದಿಂದ ಇದನ್ನ ಮಾಡಾಕತ್ತಾರ ತಮ್ಮಾ. ಗಣ್ಯಾಗ ಯಾರಿಗೂ ಹಿಂಗ ರಜಾ ಬದಲಿ ಮಾಡಿಲ್ಲಂತ" ಅಂದಳು. ಅವಳ ದನಿಯಲ್ಲಿ ಗಂಡನ ಬಗ್ಗೆ ಎಂದೂ ಕಾಣದ ಹೆಮ್ಮೆಯಿತ್ತು. ಅಕ್ಕನ ಗಂಡನಿಗೆ, ಅದೂ ಅಕ್ಕನ ಎದುರಿಗೆ, ನಿಮ್ಮ ಉಪಕಾರ ಬೇಡ ಎಂದು ಹೇಳುವ ನಾಲಗೆ ಅವನಿಗಿರಲಿಲ್ಲ. ಮನಸ್ಸಿನಲ್ಲೇ ಲೆಕ್ಕ ಹಾಕಿದ. ರಜೆ ಯಾವ ದಿನವಾದರೇನು, ಪ್ಲಾಂಟು ನಿಂತರೆ ಮಧ್ಯಾಹ್ನಕ್ಕೆ ನೀರು ತಿಳಿಯಾಗಲೇಬೇಕು. ಹೊರಡುವ ಮುಂಚೆ ಒಂದಿಷ್ಟು ಹೊತ್ತು ಸಿಗುತ್ತದೆ. ಅಷ್ಟಾದರೂ ಆಯಿತಲ್ಲ. ಮರುದಿನ ಇಂಜಿನಿಯರ್ ಸಾಹೇಬರ ಮುಂದೆ ಹಲ್ಲು ಗಿಂಜಿ ರಜೆಯನ್ನು ಶನಿವಾರಕ್ಕೆ ತಳ್ಳಿಸಿಕೊಂಡ. "ನಿನ್ನದೊಂದು ನಾಟಕ" ಎಂದು ಅವರು ಬೈದದ್ದನ್ನೂ ನುಂಗಿಕೊಂಡ.

ಶನಿವಾರ ಬೆಳಿಗ್ಗೆ ಬಂದ ಟೆಂಪೋದಲ್ಲಿ ಕೂರಲು ಜಾಗವಿರಲಿಲ್ಲ. ಮಂಗೋರ್ ಹಿಲ್‌ನಲ್ಲಿ ಸಂಸಾರ ಇಟ್ಟಿದ್ದ ಡ್ರೈವರುಗಳ ಮನೆಯವರೆಲ್ಲ ಅದರಲ್ಲಿದ್ದರು. ಪಾತ್ರೆ, ಸ್ಟವ್, ಚಾಪೆ, ಅಕ್ಕಿ, ಪಾವ್ ಬ್ರೆಡ್ಡಿನ ಕಟ್ಟು. ಮೂಲೆಯಲ್ಲೊಂದು ಬುಟ್ಟಿ ತುಂಬ ಬಂಗಡೆ.

"ಹೊಳಿಗೆ ಹೊಂಟೀವಿ, ಮೀನ ಯಾಕ್ರೀ?" ಎಂದು ಶಫೀಸಾಬ ಕೇಳಿದ.

"ನೀ ಹಿಡದದ್ದ ಬಿಡಾಂವ. ನಾವ ಉಪಾಸ ಕುಂದ್ರೂಣೇನು?" ಎಂದು ಲಾಡಬಿ ಉತ್ತರ ಕೊಟ್ಟಳು. ಹಿರಿಯ ಡ್ರೈವರ್ ಮೈಬೂಬಸಾಬನ ಹೆಂಡತಿ ಆಕೆ. ಟೆಂಪೋ ತುಂಬ ನಗು ಎದ್ದಿತು. ದಾರಿಯುದ್ದಕ್ಕೂ ಅದೇ ನಗು. ಗಣಿಯ ಚಾಳಿನ ಹತ್ತಿರ ಬಾಬುಸಾಬನೂ ಮೈಬೂಬಸಾಬನೂ ಉಳಿದ ಡ್ರೈವರುಗಳೂ ಹತ್ತಿಕೊಂಡರು. ನಿನ್ನೆಯ ದಣಿವಿಗೆ ಅವರ ಕಣ್ಣು ಕೆಂಪಗಿದ್ದವು.

ಹೊಳೆಯ ದಂಡೆಗೆ ಇಳಿದ ಶಫೀಸಾಬ ನೀರು ನೋಡಿ ನಿಂತಲ್ಲೇ ನಿಂತ. ಜಾಗ ಅವನು ಬೇಡಿಕೊಂಡದ್ದೇ. ಉರುಟು ಬಂಡೆಗಳು, ಅವುಗಳ ನಡುವೆ ನೀರಿನ ಓಟ, ಓಟ ಮುಗಿದಲ್ಲಿ ಆಳದ ಮಡು, ಮಡುವಿನ ಮೇಲೆ ಬಾಗಿದ ಹೊಂಗೆ. ಕುಲುವಿನ ಕಾವಲುಗಾರನೇ ಬಂದಿದ್ದರೆ ಇದೇ ಕಲ್ಲಿನ ಮೇಲೆ ನಿಲ್ಲು ಎನ್ನುತ್ತಿದ್ದ. ಆದರೆ ನೀರು ಅರೆದಿಟ್ಟ ಕೆಂಪು ಮೆಣಸಿನಕಾಯಿಯ ಹಾಗಿತ್ತು. ಬೆರಳು ಅದ್ದಿದರೆ ಉಗುರು ಕಾಣಲಿಲ್ಲ.

"ಇಷ್ಟ ಕೆಂಪ ನಾನೂ ನೋಡಿಲ್ಲ" ಎಂದ ಬಾಬುಸಾಬ, ತಲೆ ಕೆರೆದುಕೊಳ್ಳುತ್ತ. "ರಜಾ ಐತಿ, ಪ್ಲಾಂಟ ನಿಂತೈತಿ. ಹಿಂಗ್ಯಾಕ?"

ಮೈಬೂಬಸಾಬ ಬೀಡಿ ಹಚ್ಚಿ ನಿಧಾನ ಹೇಳಿದ. "ನಾವ ಅಲ್ಲೇನೋ ಮಾಡಿದ್ದು? ನಿನ್ನೆ ಎಷ್ಟ ಟ್ರಿಪ್ ಹೊಡದ್ವಿ? ಮುಕಾದಮ ಮಾತ ಕೇಳ್ಯಾನ, ಅವನ ಮಾರಿ ಉಳಸಬೇಕು ಅಂತ ನೀನ ಹೇಳಿದಿ. ಎರಡ ದಿನದ ಮಾಲ ಒಂದ ದಿನಾ ಹಾಕಿದ್ವಿ. ಪ್ಲಾಂಟಿನವ್ರು ಅದನ್ನ ನಡರಾತ್ರಿ ತನಕಾ ತೊಳದಾರ. ಅದ ಈಗ ಇಳಿಯಾಕತ್ತೈತಿ."

ಶಫೀಸಾಬ ಮಡುವಿನ ಕಡೆ ತಿರುಗಿದ. ಶುಕ್ರವಾರ ರಜೆ ಇದ್ದಿದ್ದರೆ ನಿನ್ನೆ ಇಳಿಹೊತ್ತಿಗೆ ಈ ಮಡು ಕನ್ನಡಿಯಾಗಿರುತ್ತಿತ್ತು. ತನಗಾಗಿಯೇ ರಜೆ ಬದಲಾಯಿತು, ತನಗಾಗಿಯೇ ಇವರೆಲ್ಲ ಸೊಂಟ ಮುರಿದು ದುಡಿದರು, ತನಗಾಗಿಯೇ ಹೊಳೆ ಕೆಟ್ಟಿತು. ಬೈಯೋಣವೆಂದರೆ ಬೈಯಬೇಕಾದವರು ಚಾಪೆ ಹಾಸಿ, "ಕುಂದರ ಬಾರೋ ತಮ್ಮಾ, ಚಾ ಆಗೈತಿ" ಎಂದು ಕರೆಯುತ್ತಿದ್ದರು.

ಶಫೀಸಾಬ ಚಹಾ ಕುಡಿದ. ಮೂರು ತುಂಡಿನ ಕೋಲನ್ನು ಹಿತ್ತಾಳೆಯ ಕೀಲುಗಳಲ್ಲಿ ಜೋಡಿಸಿದ. ಸುಮ್ಮನೆ ಕೂರಲಾಗದೆ ಕೆಂಪು ನೀರಿಗೇ ದಾರ ಬೀಸಿದ. ಗರಿ ಇಳಿದದ್ದಷ್ಟೇ ಕಂಡಿತು, ಮರುಕ್ಷಣ ಅದೂ ಕಾಣಲಿಲ್ಲ. ಮೀನಿಗೇನು ಕಂಡೀತು? ಹಿಂದೆ ದಂಡೆಯ ತುಂಬ ಜನ ಕೂತು ನೋಡುತ್ತಿದ್ದರು.

"ಅದೇನ ಚಾಬೂಕ ಬೀಸಿದಂಗ ಬೀಸ್ತಾನಲ್ಲೋ. ಎತ್ತು ಎಲ್ಲಿ?" ಎಂದೊಬ್ಬ.

"ಗೋದೀ ಹಿಟ್ಟ ಕಲಸಿ ಕೊಡ್ಲೇನೋ ಶಫೀ? ಗರಿ ಯಾವ ಮೀನ ತಿಂತೈತಿ?" ಎಂದಳು ಲಾಡಬಿ.

"ಬ್ಯಾಡ್ರಿ" ಅಂದ. ಎರಡನೆಯ ಸಲ ಕೇಳಿದಾಗಲೂ ಬ್ಯಾಡ್ರಿ ಅಂದ. ಮೂರನೆಯ ಸಲ ಯಾರೋ ಹಿಟ್ಟಿನ ಉಂಡೆಯನ್ನು ತಂದೇ ಕೈಗಿಟ್ಟರು. ಅದನ್ನು ಎಸೆಯಲಾರದೆ ಜೇಬಿಗೆ ಹಾಕಿಕೊಂಡ.

ಊಟವಾಯಿತು. ಬಂಗಡೆಯ ಸಾರು ಚಲೋ ಆಗಿತ್ತು. ನಿನ್ನೆ ಎರಡು ದಿನದ ಮಾಲು ಹೊಡೆದಿದ್ದ ಡ್ರೈವರುಗಳು ಒಬ್ಬೊಬ್ಬರಾಗಿ ನೆರಳಿಗೆ ಉರುಳಿ ಗೊರಕೆ ಹೊಡೆಯತೊಡಗಿದರು. ಶಫೀಸಾಬ ಬಂಡೆಯೊಂದರ ಮೇಲೆ ಕೂತು ನೀರನ್ನೇ ಕಾದ. ನೋಡುತ್ತ ಕೂತವನಿಗೆ ಹೊಳೆ ಬದಲಾಗುವುದು ಗೊತ್ತಾಗುವುದಿಲ್ಲ. ಕಣ್ಣು ಬೇರೆ ಕಡೆ ತಿರುಗಿಸಿ ಮತ್ತೆ ನೋಡಬೇಕು. ಹಾಗೆ ನೋಡಿದಾಗ ಮೆಣಸಿನಕಾಯಿಯ ಬಣ್ಣ ಇಟ್ಟಿಗೆಯ ಬಣ್ಣವಾಗಿತ್ತು. ಇನ್ನೊಮ್ಮೆ ನೋಡಿದಾಗ ಕಾಸಿದ ಚಹಾ. ಹೊತ್ತು ಮಾತ್ರ ಅದಕ್ಕಿಂತ ಬೇಗ ಇಳಿಯುತ್ತಿತ್ತು. ಟೆಂಪೋದವನು ಎದ್ದು ಬಾನೆಟ್ ತೆರೆದು ನೀರು ಹಾಕಿದ. ಹೆಂಗಸರು ಪಾತ್ರೆ ತೊಳೆದರು. ಮಕ್ತುಮಬಿ ಬಂದು, "ಇನ್ನ ಹೊರಡಬೇಕಲ್ಲೋ ತಮ್ಮಾ, ಬಸ್ಸ ತಪ್ಪೀತು" ಅಂದಳು.

"ಹತ್ತ ನಿಮಿಷ ಅಕ್ಕಾ."

ದಂಡೆಯ ಅಂಚಿನಲ್ಲಿ ಗೇಣುದ್ದ ನೀರಿನಡಿಯ ಕಲ್ಲುಗಳು ಮಸುಕಾಗಿ ಕಾಣತೊಡಗಿದ್ದವು. ಹೊಂಗೆಯ ಕೆಳಗೆ, ಮಡುವಿನ ತಲೆಯಲ್ಲಿ, ನೀರಿನ ಮೇಲೆ ಒಂದು ಸಣ್ಣ ಉಂಗುರ ಮೂಡಿ ಅಳಿಯಿತು. ಶಫೀಸಾಬ ಎದ್ದು ನಿಂತ. ಇನ್ನೊಂದು ಉಂಗುರ. ಮೀನು ಮೇಲೆ ಬರುತ್ತಿತ್ತು.

ಮೆಚ್ಚಿಗೆಯ ನೊಣವನ್ನು ದಾರಕ್ಕೆ ಕಟ್ಟಿದ. ಅವಸರಕ್ಕೆ ಗಂಟು ಎರಡು ಸಲ ಜಾರಿತು. ಬಂಡೆಯಿಂದ ಬಂಡೆಗೆ ಸಪ್ಪಳವಾಗದಂತೆ ದಾಟಿ ನಿಂತ. ಟೆಂಪೋದ ಹಾರನ್ನು ಒಮ್ಮೆ ಕೂಗಿತು. ದಾರವನ್ನು ಹಿಂದಕ್ಕೆ ಎತ್ತಿದ, ಮುಂದಕ್ಕೆ ಬಿಟ್ಟ, ಮತ್ತೆ ಎತ್ತಿದ. ವಾರದಲ್ಲಿ ಮೊದಲ ಸಲ ಆ ಸುಯ್ಲು ಕಿವಿಗೆ ಬಿತ್ತು. ಗರಿ ಹೊಂಗೆಯ ಎಲೆಯೊಂದು ಬಿದ್ದ ಹಾಗೆ ಇಳಿದು ತೇಲಿತು. ಒಂದು ಮಾರು ತೇಲಿತು. ಆಮೇಲೆ ಅದು ಇದ್ದ ಜಾಗದಲ್ಲಿ ಬೆಳ್ಳಿಯ ಹೊಟ್ಟೆಯೊಂದು ಮಗ್ಗುಲಾಗಿ ಹೊರಳಿತು, ಕೋಲು ಬಿಲ್ಲಿನಂತೆ ಬಾಗಿತು.

ಯಾವ ಮೀನೋ ಅವನಿಗೆ ತಿಳಿಯಲಿಲ್ಲ. ಮಡುವಿನ ಆಳಕ್ಕೆ ಎಳೆಯಿತು, ಬಿಟ್ಟ. ಓಟದ ಕಡೆ ತಿರುಗಿತು, ಕೋಲನ್ನು ವಾಲಿಸಿ ತಡೆದ. ದಾರದ ತುದಿಯಲ್ಲಿ ಒಂದು ಜೀವ ತಲೆ ಕೊಡವುವುದು ಅಂಗೈಗೆ ಬರುತ್ತಿತ್ತು. ಅವಸರ ಮಾಡಬಾರದು. ಅದು ತಾನಾಗಿ ದಣಿಯಬೇಕು.

"ಹಿಡದಾನ ನೋಡ್ರೋ. ಬಿಡಬ್ಯಾಡೋ ತಮ್ಮಾ, ಬಿಡಬ್ಯಾಡ."

ಬಾಬುಸಾಬನ ದನಿ. ಅದರ ಹಿಂದೆಯೇ ದೊಡ್ಡ ಸದ್ದು. ಶಫೀಸಾಬ ತಿರುಗುವಷ್ಟರಲ್ಲಿ ಬಾಬುಸಾಬ ಲುಂಗಿ ಎತ್ತಿಕಟ್ಟಿ ಮಡುವಿಗೆ ಹಾರಿದ್ದ. ಎದೆಮಟ್ಟ ನೀರಿನಲ್ಲಿ ಕೈಬೀಸುತ್ತ ಹೋಗಿ, ಬಿಗಿದು ನಿಂತ ದಾರವನ್ನು ಎರಡೂ ಕೈಯಿಂದ ಹಿಡಿದು, ಬಾವಿಯಿಂದ ಕೊಡ ಸೇದುವವನ ಹಾಗೆ ಎಳೆದ. ಎರಡನೆಯ ಎಳೆತಕ್ಕೆ ಅದು ಟಪ್ಪೆಂದು ಹರಿಯಿತು. ಕೋಲು ನೆಟ್ಟಗಾಯಿತು.

ಬಾಬುಸಾಬನ ಸುತ್ತ ತಳದ ಕೆಸರೆಲ್ಲ ಎದ್ದು ಮಡು ಮತ್ತೆ ಕೆಂಪಾಯಿತು. ಅವನು ಕೈಯಲ್ಲಿ ಉಳಿದ ದಾರದ ತುಂಡನ್ನು ನೋಡಿದ.

"ಹೋಗಿಬಿಟ್ಟಿತಲ್ಲೋ. ಭಾಳ ದೊಡ್ಡದಿತ್ತು."

"ಭಾವಾ" ಎಂದ ಶಫೀಸಾಬ. ಅವನಿಗೇ ತನ್ನ ದನಿ ಬೇರೆಯವರದ್ದಾಗಿ ಕೇಳಿಸಿತು. "ನಿಮಗ ಯಾರ ಹೇಳಿದ್ರು? ಯಾವುದನ್ನರ ಮಾಡ್ರಿ ಅಂತ ನಿಮಗ ಯಾರ ಹೇಳಿದ್ರು?"

ದಂಡೆಯ ಮೇಲೆ ಪಾತ್ರೆ ಎತ್ತಿಡುತ್ತಿದ್ದ ಮಕ್ತುಮಬಿಯ ಕೈ ನಿಂತಿತು. ಬಾಬುಸಾಬ ನೀರಿನಲ್ಲಿ ನಿಂತೇ ಅವನನ್ನು ನೋಡಿದ. ಅಂಗೈಯಲ್ಲಿ ದಾರ ಕೊಯ್ದ ಗೆರೆಯಿಂದ ರಕ್ತ ಜಿನುಗುತ್ತಿತ್ತು.

"ನೀ ಒಬ್ಬನ ಹೆಣಗಾಕತ್ತಿದ್ದಿ" ಎಂದ. "ನಾ ನೋಡ್ಕೋತ ಕುಂದರ್ಲೇನು?"

ಶಫೀಸಾಬ ಬಂಡೆಯ ಅಂಚಿಗೆ ಬಂದು ಬಗ್ಗಿದ. ಕೈ ಚಾಚಿ ಭಾವನನ್ನು ಬಂಡೆಗೆ ಎಳೆದುಕೊಂಡ. ಸಿಟ್ಟು ಇಳಿದಿರಲಿಲ್ಲ. ಕೈ ಹಿಡಿದಾಗಲೂ ಅದು ಹಾಗೇ ಇತ್ತು.

ಹಾರನ್ನು ಬಿಡದೆ ಕೂಗತೊಡಗಿತು. ಕೋಲು ಬಿಚ್ಚಲು ಹೋದರೆ ಬರಲಿಲ್ಲ. ಹಿತ್ತಾಳೆಯ ಕೀಲುಗಳೊಳಗೆ ಕೆಂಪು ಮಣ್ಣು ಸೇರಿ ಕಚ್ಚಿಕೊಂಡಿತ್ತು. ತಿರುಚಿದ, ಉಗುಳು ಹಚ್ಚಿದ, ಮೊಣಕಾಲಿನ ಹಿಂದೆ ಸಿಕ್ಕಿಸಿಕೊಂಡು ಎಳೆದ. ಜಗತ್ತಿನ ಮಶೀನುಗಳನ್ನೆಲ್ಲ ಬಿಚ್ಚಿದ ಕೈಗೆ ಎರಡು ಕೀಲು ಸೋಲಲಿಲ್ಲ.

"ತಾ ಇಲ್ಲಿ, ಒಂದ ಕಡೆ ನಾ ಹಿಡೀತೀನಿ" ಎಂದ ಬಾಬುಸಾಬ.

"ಬ್ಯಾಡ. ನೀವ ಮುಟ್ಟಬ್ಯಾಡ್ರಿ."

ಹಾಗೆಯೇ ಟೆಂಪೋ ಹತ್ತಬೇಕಾಯಿತು. ಅಷ್ಟುದ್ದದ ಕೋಲು ಒಳಗೆ ಹಿಡಿಸಲಿಲ್ಲ. ತುದಿ ಹಿಂದಿನ ಬಾಗಿಲಿನಿಂದ ಹೊರಗೆ ಚಾಚಿ ನಿಂತಿತು. ಮೊದಲ ತಗ್ಗಿಗೇ ಅದು ಕುಣಿದದ್ದು ನೋಡಿ ಲಾಡಬಿ ಚಂಗನೆ ಹಿಡಿದುಕೊಂಡಳು. ಆಚೆಯಿಂದ ಮೈಬೂಬಸಾಬ ಇನ್ನೊಂದು ಕಡೆ ಹಿಡಿದ. ಮಕ್ತುಮಬಿ ಸೆರಗನ್ನು ಮಡಚಿ ಕೋಲು ಬಾಗಿಲಿಗೆ ಉಜ್ಜುವಲ್ಲಿ ಒತ್ತಿಟ್ಟಳು. ತಮ್ಮನ ಕಡೆ ನೋಡಲಿಲ್ಲ. ಬಾಬುಸಾಬ ಮಾತ್ರ ಕೊಯ್ದ ಅಂಗೈಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದ. ಎರಡು ತಿರುವು ದಾಟಿದ ಮೇಲೆ ಅವನೂ ತಡೆಯಲಾರದೆ ಪಕ್ಕದವನಿಗೆ ಹೇಳತೊಡಗಿದ:

"ಖರೇನ ಗರಿಗೆ ಬಂತಪಾ. ನಾ ಕಣ್ಣಾರೆ ನೋಡೀನಿ. ಮೊಣಕೈ ಉದ್ದ ಇತ್ತು. ತಾನ ಮ್ಯಾಲ ಬಂದು ನೊಣಾ ಅಂತ ನಂಬಿ ಬಾಯಾಗ ಹಾಕ್ಕೊಂತು."

"ಸುಳ್ಳ ಹೇಳಬ್ಯಾಡ."

"ಕೇಳ ಅವನ್ನ."

ಎಲ್ಲರೂ ಶಫೀಸಾಬನ ಕಡೆ ತಿರುಗಿದರು. ಮೊಣಕೈ ಉದ್ದ ಇರಲಿಲ್ಲ ಅದು, ಬೊಗಸೆಯಷ್ಟಿದ್ದರೆ ಹೆಚ್ಚು. ಆದರೂ ಹೌದೆಂದು ತಲೆ ಅಲ್ಲಾಡಿಸಿದ. ಬಾಬುಸಾಬನ ಮುಖ ಸ್ವಲ್ಪ ಸಡಿಲಾಯಿತು.

ಹಿಂದಿನಿಂದ ಬಸ್ಸೊಂದು ಬಂತು. "ಎತ್ರೋ, ಎತ್ರಿ" ಎಂದು ಎಲ್ಲರೂ ಒಟ್ಟಿಗೆ ಕೋಲನ್ನು ಮೇಲೆತ್ತಿದರು, ಬಸ್ಸು ದಾಟಿದ ಮೇಲೆ ಕೂಸನ್ನು ಮಲಗಿಸುವ ಹಾಗೆ ಇಳಿಸಿದರು. ಶಫೀಸಾಬನೂ ಕೈ ಚಾಚಿದ. ಬುಡದಿಂದ ತುದಿಯ ತನಕ ಎಲ್ಲೆಲ್ಲೂ ಬೇರೆಯವರ ಕೈಗಳಿದ್ದವು. ಹಿಡಿಯಲು ಅವನಿಗೆ ಗೇಣು ಜಾಗ ಉಳಿದಿರಲಿಲ್ಲ.

"ನೀ ಆರಾಮ ಕುಂದರ" ಎಂದ ಬಾಬುಸಾಬ. "ಪಣಜಿ ತನಕಾ ನಾವ ಹಿಡೀತೀವಿ."